ಮನೆಯಲ್ಲಿ ಕಟ್ಟಿದ ಹಾಯಿದೋಣಿಗಳು: ಹಲಗೆಯ ಸಂದಿನ ವಿಚಾರ

ನೌಕಾಯಾನದ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ರಾಜರ ನೌಕಾಪಡೆಗಳನ್ನೂ ವರ್ತಕರ ಮಹಾನಾವೆಗಳನ್ನೂ ಕುರಿತು ವಿಸ್ತಾರವಾಗಿ ಹೇಳಿ, ಒಬ್ಬ ಗೃಹಸ್ಥನು ತನ್ನ ಹಿತ್ತಲಿನಲ್ಲಿ ತಾನೇ ಕಟ್ಟಿ ತಾನೇ ನಡೆಸಿದ ಸಣ್ಣ ಹಾಯಿದೋಣಿಯ ವಿಷಯದಲ್ಲಿ ಮೌನವಾಗಿರುವರು. ಇದು ನಿಷ್ಕಾರಣವಾದ ಮೌನವಲ್ಲ. ದೊಡ್ಡ ಹಡಗಿಗೆ ಲೆಕ್ಕಪತ್ರಗಳುಂಟು, ಬಂದರಿನ ಸುಂಕದ ದಾಖಲೆಗಳುಂಟು, ಮುಳುಗಿದರೆ ವಿಚಾರಣೆಯುಂಟು. ಹಿತ್ತಲಿನ ದೋಣಿಗೆ ಇವೊಂದೂ ಇಲ್ಲ. ಕಟ್ಟಿದವನ ಕಾಲಾನಂತರ ಅದು ಮಳೆಗೆ ಕೊಳೆತು ಸೌದೆಯಾಗುತ್ತದೆ. ಹೀಗಿದ್ದರೂ ಕಳೆದ ನೂರು ನೂರೈವತ್ತು ವರ್ಷಗಳಲ್ಲಿ ಇಂಗ್ಲೆಂಡು ಅಮೆರಿಕಾ ಮೊದಲಾದ ದೇಶಗಳಲ್ಲಿ ಈ ಬಗೆಯ ದೋಣಿಗಳ ಒಂದು ಪರಂಪರೆಯು ಬೆಳೆದುಬಂದಿದೆ. ಅದರ ಘಟ್ಟಗಳನ್ನು ಸಾಕಷ್ಟು ನಿಶ್ಚಯವಾಗಿ ಗುರುತಿಸಲೂ ಸಾಧ್ಯವಾಗಿದೆ. ಬಡಗಿಯ ಕುಲವಿದ್ಯೆಯಾಗಿದ್ದ ದೋಣಿಯ ಕೆಲಸವು ಗೃಹಸ್ಥನ ಕೈಗೆ ಹೇಗೆ ಬಂದಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮನೆಯಲ್ಲಿ ಮಾಡಿದ ದೋಣಿಯೆಂದೊಡನೆ ಕನ್ನಡ ವಾಚಕರ ನೆನಪಿಗೆ ಬರತಕ್ಕದ್ದು ಹರಿಗೋಲು. ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ ಈ ಸಾಧನವನ್ನು ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯಸನು ತುಂಗಭದ್ರೆಯಲ್ಲಿ ಕಂಡು, ಜನರೂ ದನಕುದುರೆಗಳೂ ಅದರಲ್ಲಿ ಹೊಳೆ ದಾಟುತ್ತಿದ್ದುದನ್ನು ವರ್ಣಿಸಿರುವನು. ಆದರೆ ಹರಿಗೋಲಿಗೆ ಮುಂದು ಹಿಂದುಗಳಿಲ್ಲ, ಹಾಯಿಯೂ ಇಲ್ಲ. ಅದು ಪ್ರವಾಹಕ್ಕೂ ಹುಟ್ಟಿಗೂ ಅಧೀನವಾದದ್ದು. ಹಾಯಿಯನ್ನು ಏರಿಸಬೇಕಾದರೆ ದೋಣಿಗೆ ಉದ್ದವಾದ ಮೈಯೂ, ಬಾಗಿದರೂ ಬಿರಿಯದ ಸಂದುಗಳೂ ಬೇಕು. ಗಾಳಿಯು ಹಾಯಿಯನ್ನು ಒಂದು ಕಡೆಗೆ ನೂಕುವಾಗ ನೀರು ಅಡಿಯನ್ನು ಇನ್ನೊಂದು ಕಡೆಗೆ ತಡೆಯುವುದರಿಂದ ದೋಣಿಯ ಮೈ ಸದಾ ತಿರುಚುವ ಬಲಕ್ಕೆ ಒಳಗಾಗಿರುತ್ತದೆ. ಆದಕಾರಣ ಹಾಯಿದೋಣಿಯ ಪ್ರಶ್ನೆಯು ಮುಖ್ಯವಾಗಿ ಹಲಗೆಗೂ ಹಲಗೆಗೂ ನಡುವಣ ಸಂದಿನ ಪ್ರಶ್ನೆಯೆಂದು ಹೇಳಬಹುದು.

ಯೂರೋಪಿನ ಬಡಗಿಗಳು ಈ ಪ್ರಶ್ನೆಗೆ ಕಂಡುಕೊಂಡಿದ್ದ ಉತ್ತರವು ಸಮರ್ಥವಾದದ್ದು, ಆದರೆ ಸುಲಭವಲ್ಲ. ಮೊದಲು ಬೆನ್ನೆಲುಬಿನಂತಹ ಅಡಿಮರವನ್ನಿಟ್ಟು, ಅದರ ಮೇಲೆ ಪಕ್ಕೆಲುಬುಗಳನ್ನು ನಿಲ್ಲಿಸಿ, ಆ ಪಂಜರಕ್ಕೆ ಹಲಗೆಗಳನ್ನು ಒಂದೊಂದಾಗಿ ಬಗ್ಗಿಸಿ ಹೊಡೆಯುವರು. ದೋಣಿಯ ಹೊಟ್ಟೆ ಗುಂಡಾಗಿದ್ದರೆ ಪಕ್ಕೆಲುಬುಗಳನ್ನು ಹಬೆಯಲ್ಲಿ ಬೇಯಿಸಿ ಬಿಸಿಯಿರುವಾಗಲೇ ಬಾಗಿಸಬೇಕು. ಯಾವ ಹಲಗೆಯ ಅಂಚೂ ನೇರವಾಗಿರುವುದಿಲ್ಲ. ಪ್ರತಿಯೊಂದನ್ನೂ ಅದರ ನೆರೆಯ ಹಲಗೆಗೆ ಹೊಂದುವಂತೆ ಓರೆಯಾಗಿ ಕೆತ್ತಬೇಕು. ಸಂದುಗಳಿಗೆ ನಾರನ್ನೋ ಹತ್ತಿಯನ್ನೋ ತುರುಕಿ ಕೀಲೆಣ್ಣೆ ಬಳಿಯಬೇಕು. ಇದು ಹತ್ತು ವರ್ಷ ಗುರುವಿನ ಬಳಿ ನಿಂತು ಕಲಿಯತಕ್ಕ ವಿದ್ಯೆ. ಇಂತಹುದನ್ನು ಗುಮಾಸ್ತನೊಬ್ಬನು ಭಾನುವಾರದ ಬಿಡುವಿನಲ್ಲಿ ಸಾಧಿಸುವನೆಂದು ಯಾರೂ ನಿರೀಕ್ಷಿಸುತ್ತಿರಲಿಲ್ಲ.

ಸ್ವಂತ ಕೈಯಿಂದ ಕಟ್ಟಿದ ದೋಣಿಗೆ ಲೋಕದಲ್ಲಿ ಗೌರವವನ್ನು ತಂದವನು ಜೋಷುವಾ ಸ್ಲೋಕಮ್ ಎಂಬ ನಾವಿಕನು. ಇವನ ಜಗತ್ಪ್ರದಕ್ಷಿಣೆಯ ವೃತ್ತಾಂತವು ಪ್ರಸಿದ್ಧವಾಗಿದೆ. ಅದಕ್ಕೆ ಹಿಂದಿನ ಸಂಗತಿಯು ಅಷ್ಟು ಪ್ರಸಿದ್ಧವಲ್ಲ. ೧೮೮೭ರ ಕೊನೆಯಲ್ಲಿ ಇವನ ಸ್ವಂತ ಹಡಗಾದ ‘ಅಕ್ವಿಡ್ನೆಕ್’ ಬ್ರೆಜಿಲ್ ದೇಶದ ಪರನಾಗ್ವಾ ಕೊಲ್ಲಿಯಲ್ಲಿ ಮರಳುದಿಬ್ಬಕ್ಕೆ ಹತ್ತಿ ಒಡೆದುಹೋಯಿತು. ಹೆಂಡತಿಯೂ ಇಬ್ಬರು ಗಂಡುಮಕ್ಕಳೂ ಜತೆಯಲ್ಲಿದ್ದರು. ಊರಿಗೆ ಮರಳಲು ಅನುಕೂಲವಿರಲಿಲ್ಲ. ಸ್ಲೋಕಮನು ಒಡೆದ ಹಡಗಿನ ಅವಶೇಷಗಳಿಂದಲೂ ಸ್ಥಳೀಯವಾದ ಮರದಿಂದಲೂ ೩೫ ಅಡಿ ಉದ್ದದ ದೋಣಿಯನ್ನು ದಡದಲ್ಲಿಯೇ ಕಟ್ಟತೊಡಗಿದನು. ಹಳೆಯ ಲೋಹವನ್ನು ಮೊಳೆಗಳಿಗೂ, ತಾಮ್ರದ ನಾಣ್ಯಗಳನ್ನು ಮೊಳೆಯ ತುದಿಗೆ ಸೇರಿಸುವ ಬಿಲ್ಲೆಗಳಿಗೂ ಉಪಯೋಗಿಸಿದನು. ಹಾಯಿಗಳನ್ನು ಹೊಲಿದವಳು ಅವನ ಹೆಂಡತಿ. ಹಾಯಿಯ ಮಾದರಿಯು ಚೀನಾ ದೇಶದ್ದು: ಅಡ್ಡಕಡ್ಡಿಗಳಿಂದ ಬಿಗಿದದ್ದು, ಬೀಸಣಿಗೆಯಂತೆ ಮಡಿಸಬಹುದಾದದ್ದು. ದೋಣಿಯು ನೀರಿಗಿಳಿದ ದಿನ ೧೮೮೮ನೆಯ ಮೇ ೧೩. ಬ್ರೆಜಿಲಿನಲ್ಲಿ ಗುಲಾಮಗಿರಿಯು ಶಾಸನದಿಂದ ರದ್ದಾದುದೂ ಅದೇ ದಿನವಾದ್ದರಿಂದ ಅದಕ್ಕೆ ‘ಲಿಬರ್ದಾದೆ’, ಎಂದರೆ ಸ್ವಾತಂತ್ರ್ಯ, ಎಂದು ಹೆಸರಾಯಿತು. ಆ ಸಂಸಾರವು ಸುಮಾರು ೫೫೦೦ ಮೈಲಿಗಳನ್ನು ಆ ದೋಣಿಯಲ್ಲಿ ಕ್ರಮಿಸಿ ವರ್ಷದ ಕೊನೆಯಲ್ಲಿ ವಾಷಿಂಗ್ಟನ್ ನಗರವನ್ನು ಸೇರಿತು.

ಇದಾದ ಕೆಲವು ವರ್ಷಗಳಲ್ಲಿ ಅವನಿಗೆ ಮ್ಯಾಸಚೂಸೆಟ್ಸಿನ ಫೇರ್‌ಹೇವನ್ ಎಂಬಲ್ಲಿ ಒಂದು ಹಳೆಯ ದೋಣಿಯು ದಾನವಾಗಿ ದೊರೆಯಿತು. ಹೊಲವೊಂದರಲ್ಲಿ ಬಹುಕಾಲದಿಂದ ಬಿದ್ದಿದ್ದ ‘ಸ್ಪ್ರೇ’ಯ ಒಂದೊಂದು ಮರವನ್ನೂ ತೆಗೆದು ಹೊಸದನ್ನಿಟ್ಟು, ೧೩ ತಿಂಗಳಲ್ಲಿ ಅದನ್ನು ಪುನಃ ಕಟ್ಟಿದನು. ಸಾಮಗ್ರಿಗೆ ತಗಲಿದ ವೆಚ್ಚ ೫೫೩ ಡಾಲರು ೬೨ ಸೆಂಟು ಎಂದು ಅವನು ಲೆಕ್ಕ ಕೊಟ್ಟಿರುವನು. ಹೀಗೆ ಎಲ್ಲ ಅಂಗಗಳೂ ಬದಲಾದ ಮೇಲೆ ದೋಣಿಯು ಹಳೆಯದೋ ಹೊಸದೋ ಎಂಬುದು ತಾರ್ಕಿಕರ ಪ್ರಶ್ನೆ. ಸ್ಲೋಕಮನಿಗೆ ಅದು ಹಳೆಯ ‘ಸ್ಪ್ರೇ’ಯೇ. ೩೬ ಅಡಿ ೯ ಅಂಗುಲ ಉದ್ದದ ಆ ದೋಣಿಯಲ್ಲಿ ೧೮೯೫ರ ಏಪ್ರಿಲ್ ೨೪ರಂದು ಬಾಸ್ಟನ್ನಿನಿಂದ ಒಬ್ಬನೇ ಹೊರಟು, ಸುಮಾರು ೪೬,೦೦೦ ಮೈಲಿ ತಿರುಗಿ, ೧೮೯೮ರ ಜೂನ್ ೨೭ರಂದು ನ್ಯೂಪೋರ್ಟಿಗೆ ಮರಳಿದನು. ಒಬ್ಬಂಟಿಗನಾಗಿ ಭೂಮಿಯನ್ನು ಸುತ್ತಿದವರಲ್ಲಿ ಇವನೇ ಮೊದಲಿಗನು. ಹಾಯಿಯನ್ನೂ ಚುಕ್ಕಾಣಿಯನ್ನೂ ಹದವಾಗಿ ಹೊಂದಿಸಿ ಕಟ್ಟಿಬಿಟ್ಟರೆ ದೋಣಿಯು ತಾನಾಗಿ ದಾರಿ ಹಿಡಿಯುತ್ತಿದ್ದಿತು. ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗಿನ ೨೭೦೦ ಮೈಲಿಗಳ ಹಾದಿಯು ೨೩ ದಿನಗಳಲ್ಲಿ ಹೀಗೆಯೇ ಸಾಗಿತು.

ಆದರೆ ಸ್ಲೋಕಮನ ನಿದರ್ಶನದಿಂದ ಗೃಹಸ್ಥನ ದೋಣಿಯ ಸಾಮರ್ಥ್ಯವು ಸಿದ್ಧಪಟ್ಟಿತೆಂದು ಕೆಲವರು ಹೇಳುವುದು ಅಷ್ಟು ಸಮಂಜಸವಲ್ಲ. ಅವನು ಬಾಲ್ಯದಿಂದ ಸಮುದ್ರದಲ್ಲಿ ಬೆಳೆದವನು, ದೊಡ್ಡ ಹಡಗುಗಳ ಯಜಮಾನನಾಗಿದ್ದವನು, ಹಡಗು ಕಟ್ಟಿ ಅನುಭವವಿದ್ದವನು. ಬಡತನವು ಅವನನ್ನು ಸಣ್ಣ ದೋಣಿಗೆ ತಂದಿತೇ ಹೊರತು ಅವನ ವಿದ್ಯೆಯು ಸಣ್ಣದಾಗಿರಲಿಲ್ಲ. ನಿಜವಾದ ಪ್ರಮಾಣವು ಬೇರೆ ಕಡೆಯಿಂದ ಬರಬೇಕಾಗಿದ್ದಿತು.

ಅದು ಬಂದುದು ಒಂದು ಮಾಸಪತ್ರಿಕೆಯ ಮೂಲಕ. ನ್ಯೂಯಾರ್ಕಿನ ‘ದಿ ರಡ್ಡರ್’ ಪತ್ರಿಕೆಗೆ ೧೮೯೦ರಿಂದ ಸಂಪಾದಕನಾಗಿದ್ದ ಥಾಮಸ್ ಫ್ಲೆಮಿಂಗ್ ಡೇ ಎಂಬವನು, ದೋಣಿಯು ಧನಿಕರ ಸೊತ್ತಾಗಿರಬೇಕಾದ ಕಾರಣವಿಲ್ಲವೆಂದು ವಾದಿಸಿ, ಓದುಗರು ತಾವೇ ಕಟ್ಟಬಹುದಾದ ದೋಣಿಗಳ ನಕ್ಷೆಗಳನ್ನು ಅಳತೆಸಹಿತವಾಗಿ ಪ್ರಕಟಿಸುತ್ತ ಬಂದನು. ಅವುಗಳಲ್ಲಿ ಮುಖ್ಯವಾದದ್ದು ೧೯೦೧ರ ‘ಸೀ ಬರ್ಡ್’. ಇದರ ಹೊಟ್ಟೆ ಗುಂಡಾಗಿಲ್ಲ. ಎರಡು ಚಪ್ಪಟೆಯಾದ ಮೈಗಳು ಅಡಿಮರದಲ್ಲಿ ಕೂಡಿ ಬಿಡಿಸಿಟ್ಟ ಪುಸ್ತಕದ ರಟ್ಟಿನಂತಿವೆ. ಪಕ್ಕದ ಗೋಡೆಗಳು ಅವಕ್ಕೆ ಒಂದು ಮೂಲೆಯಲ್ಲಿ ಸೇರುತ್ತವೆ. ಇದರಿಂದಾದ ಅನುಕೂಲವೇನೆಂದರೆ, ಪಕ್ಕೆಲುಬುಗಳನ್ನು ಬೇಯಿಸಿ ಬಾಗಿಸುವ ಕೆಲಸವು ತಪ್ಪಿತು. ನೇರವಾದ ಮರದ ತುಂಡುಗಳನ್ನು ಬಾಗಿಲ ಚೌಕಟ್ಟಿನಂತೆ ಜೋಡಿಸಿದರೆ ಸಾಕಾಯಿತು. ಮನೆಯ ಕಿಟಕಿ ಬಾಗಿಲುಗಳನ್ನು ಮಾಡಬಲ್ಲವನು ಈ ದೋಣಿಯನ್ನೂ ಮಾಡಬಲ್ಲನು. ಇಂತಹ ಡಬ್ಬಿಯು ಕಡಲಿಗೆ ತಾಳದೆಂದು ಹಲವರು ಆಕ್ಷೇಪಿಸಿದರು. ಡೇ ವಾದವನ್ನು ಅಲ್ಲಿಗೇ ಬಿಡದೆ ೧೯೧೧ರಲ್ಲಿ ಆ ೨೫ ಅಡಿಯ ದೋಣಿಯಲ್ಲಿ ಅಟ್ಲಾಂಟಿಕ್ ಸಾಗರವನ್ನು ದಾಟಿ ತೋರಿಸಿದನು.

ಈ ನಕ್ಷೆಯನ್ನೇ ದೊಡ್ಡದು ಮಾಡಿ ರಚಿಸಿದ ‘ಸೀ ಗೋಯರ್’ ಎಂಬುದು ಹ್ಯಾರಿ ಪಿಜನ್ ಎಂಬವನ ಕೈಗೆ ಬಂದಿತು. ಇವನು ಅಯೋವಾ ಪ್ರಾಂತದ ಒಕ್ಕಲಮಗ. ಸಮುದ್ರದಿಂದ ಬಹುದೂರದಲ್ಲಿ ಹುಟ್ಟಿದವನು. ಬಳಿಕ ಛಾಯಾಚಿತ್ರಗಳಿಂದ ಜೀವನ ನಡೆಸಿದವನು. ೧೯೧೭ರಲ್ಲಿ ಲಾಸ್ ಏಂಜಲಿಸ್ ಬಂದರಿನ ದಡದಲ್ಲಿ ಮರವನ್ನು ತಂದುಹಾಕಿ, ೩೪ ಅಡಿಯ ‘ಐಲೆಂಡರ್’ ದೋಣಿಯನ್ನು ಒಬ್ಬನೇ ಕಟ್ಟಿದನು. ಸಾಮಗ್ರಿಯ ವೆಚ್ಚ ಸುಮಾರು ಸಾವಿರ ಡಾಲರು. ಸಮುದ್ರದಲ್ಲಿ ಸ್ಥಾನವನ್ನು ಗಣಿಸುವ ಶಾಸ್ತ್ರವನ್ನು ಪುಸ್ತಕಭಂಡಾರದಿಂದ ತಂದ ಗ್ರಂಥಗಳಿಂದ ಕಲಿತನು. ಹವಾಯಿ ದ್ವೀಪಗಳಿಗೆ ಹೋಗಿಬಂದು ಆ ಪಾಠವನ್ನು ಪರೀಕ್ಷಿಸಿಕೊಂಡನು. ಅನಂತರ ೧೯೨೧ರ ನವೆಂಬರಿನಲ್ಲಿ ಹೊರಟು ೧೯೨೫ರ ಅಕ್ಟೋಬರ್ ೩೧ರಂದು ಭೂಪ್ರದಕ್ಷಿಣೆಯನ್ನು ಮುಗಿಸಿದನು. ೧೯೩೨ರಿಂದ ೧೯೩೭ರವರೆಗೆ ಅದೇ ದೋಣಿಯಲ್ಲಿ ಎರಡನೆಯ ಸಲವೂ ಸುತ್ತಿಬಂದನು. ಒಬ್ಬಂಟಿಗನಾಗಿ ಎರಡು ಸಲ ಭೂಮಿಯನ್ನು ಸುತ್ತಿದವರಲ್ಲಿ ಮೊದಲಿಗನು ಈ ಒಕ್ಕಲಮಗನೇ ಎಂಬುದು ಗಮನಾರ್ಹ. ಸ್ಲೋಕಮನು ಬಿಟ್ಟುಹೋಗಿದ್ದ ಸಂದೇಹವು ಇಲ್ಲಿ ಪರಿಹಾರವಾಯಿತು. ಮುದ್ರಿತವಾದ ನಕ್ಷೆ, ಭಂಡಾರದ ಪುಸ್ತಕ, ತಾಳ್ಮೆಯುಳ್ಳ ಎರಡು ಕೈಗಳು, ಇಷ್ಟರಿಂದಲೇ ಸಾಗರವನ್ನು ದಾಟಬಲ್ಲ ನಾವೆಯಾಗುವುದೆಂಬುದಕ್ಕೆ ಪಿಜನ್ನನೇ ಸಾಕ್ಷಿ.

ದೋಣಿಯನ್ನು ನಡೆಸುವ ವಿದ್ಯೆಯ ಬಗೆಗೆ ಇಲ್ಲಿ ಎರಡು ಮಾತು ಹೇಳುವುದು ಅವಶ್ಯ. ಗಾಳಿಯು ಹಿಂದಿನಿಂದ ಬಂದಾಗ ಹಾಯಿಯು ದೋಣಿಯನ್ನು ನೂಕುವುದೆಂಬುದು ಮಕ್ಕಳಿಗೂ ತಿಳಿದ ಸಂಗತಿ. ಗಾಳಿಯು ಪಕ್ಕದಿಂದ ಬಂದಾಗ ಹಾಯಿಯು ಹಕ್ಕಿಯ ರೆಕ್ಕೆಯಂತೆ ಕೆಲಸಮಾಡಿ ದೋಣಿಯನ್ನು ಮುಂದಕ್ಕೂ ಪಕ್ಕಕ್ಕೂ ಸೆಳೆಯುತ್ತದೆ. ಪಕ್ಕದ ಸೆಳೆತವನ್ನು ತಡೆಯಲು ನೀರಿನೊಳಗೆ ಒಂದು ಅಡ್ಡಿಯಿರಬೇಕು. ದೊಡ್ಡ ದೋಣಿಗಳಲ್ಲಿ ಆಳವಾದ ಅಡಿಮರವು ಈ ಕೆಲಸವನ್ನು ಮಾಡುವುದು. ಸಣ್ಣವುಗಳಲ್ಲಿ ನಡುವಿನ ಸೀಳಿನಿಂದ ಒಂದು ಹಲಗೆಯನ್ನು ಕೆಳಗಿಳಿಸಿ, ದಡಕ್ಕೆ ಬಂದಾಗ ಮೇಲಕ್ಕೆಳೆದುಕೊಳ್ಳುವರು. ನೇರವಾಗಿ ಗಾಳಿಗೆದುರು ಹೋಗುವ ಹಾಯಿದೋಣಿಯು ಲೋಕದಲ್ಲಿಲ್ಲ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ, ಅರ್ಧ ಲಂಬಕೋನದಷ್ಟು ಓರೆಯಾಗಿ ಹೋಗುತ್ತ, ಘಟ್ಟದ ದಾರಿ ತಿರುಗಿ ತಿರುಗಿ ಏರುವಂತೆ, ಎದುರುಗಾಳಿಯನ್ನು ಏರಬೇಕು. ಈ ತತ್ತ್ವವು ಒಮ್ಮೆ ಮನಸ್ಸಿಗೆ ಹತ್ತಿದರೆ ಹತ್ತು ವರ್ಷದ ಬಾಲಕನೂ ದೋಣಿಯನ್ನು ನಡೆಸಬಲ್ಲನು. ಕಷ್ಟವು ನಡೆಸುವುದರಲ್ಲಿರಲಿಲ್ಲ, ಕಟ್ಟುವುದರಲ್ಲಿದ್ದಿತು. ಪಿಜನ್ನನಿಗಿದ್ದಷ್ಟು ತಾಳ್ಮೆಯೂ ಬಿಡುವೂ ಎಲ್ಲರಿಗೂ ಇರತಕ್ಕದ್ದಲ್ಲ.

ಆ ಕಷ್ಟವು ಕಡಮೆಯಾದುದಕ್ಕೆ ಕಾರಣವು ದೋಣಿಯ ಬಡಗಿಗಳಿಂದ ಬಂದುದಲ್ಲ, ಅಂಟಿನಿಂದ ಬಂದುದು. ತೆಳುವಾದ ಮರದ ಪದರಗಳನ್ನು ಎಳೆಗೆ ಎಳೆ ಅಡ್ಡವಾಗಿರುವಂತೆ ಅಂಟಿಸಿದ ಪ್ಲೈವುಡ್ ಎಂಬ ಹಲಗೆಯು ಮೊದಲೇ ಬಳಕೆಯಲ್ಲಿದ್ದರೂ ನೀರು ತಗಲಿದೊಡನೆ ಅದರ ಪದರಗಳು ಬಿಡುತ್ತಿದ್ದವು. ೧೯೩೪ರಲ್ಲಿ ಅಮೆರಿಕಾದ ವಾಷಿಂಗ್ಟನ್ ಪ್ರಾಂತದ ಕಾರ್ಖಾನೆಯೊಂದರಲ್ಲಿ ಜೇಮ್ಸ್ ನೆವಿನ್ ಎಂಬ ರಸಾಯನಜ್ಞನು ನೀರಿಗೆ ಸೋಲದ ಅಂಟನ್ನು ಸಿದ್ಧಪಡಿಸಿದನು. ಎರಡನೆಯ ಮಹಾಯುದ್ಧದಲ್ಲಿ ಈ ಹಲಗೆಯಿಂದ ದೋಣಿಗಳಾದುವು. ಯುದ್ಧ ಮುಗಿದ ಮೇಲೆ ಅದು ಅಂಗಡಿಗಳಲ್ಲಿ ಯಾರಿಗೆ ಬೇಕಾದರೂ ದೊರೆಯತೊಡಗಿತು. ಎಂಟಡಿ ಉದ್ದ, ನಾಲ್ಕಡಿ ಅಗಲ, ಎಲ್ಲಿಯೂ ಸಂದಿಲ್ಲ.

ಇದರ ಫಲವು ೧೯೪೭ರಲ್ಲಿ ಸಾಗರದ ಎರಡು ದಡಗಳಲ್ಲಿಯೂ ಕಾಣಿಸಿಕೊಂಡಿತು. ಇಂಗ್ಲೆಂಡಿನಲ್ಲಿ ಜಾಕ್ ಹೋಲ್ಟ್ ಎಂಬವನು ಒಂದು ಪತ್ರಿಕೆಯ ಪರವಾಗಿ ಬಾಲಕರಿಗೆಂದು ‘ಕೆಡೆಟ್’ ದೋಣಿಯನ್ನು ರಚಿಸಿದನು. ಅಮೆರಿಕಾದ ಫ್ಲಾರಿಡಾದಲ್ಲಿ ಕ್ಲಿಯರ್‌ವಾಟರ್ ಎಂಬ ಊರಿನ ಆಪ್ಟಿಮಿಸ್ಟ್ ಸಂಘದ ಮುಂದೆ ಮೇಜರ್ ಕ್ಲಿಫರ್ಡ್ ಮೆಕೇ ಎಂಬವನು ಒಂದು ಸೂಚನೆಯನ್ನಿಟ್ಟನು. ಆ ಊರಿನ ಹುಡುಗರು ಮರದ ಪೆಟ್ಟಿಗೆಗಳಿಗೆ ಗಾಲಿ ಕಟ್ಟಿ ಇಳಿಜಾರಿನಲ್ಲಿ ಪಂದ್ಯವಾಡುತ್ತಿದ್ದರು. ಆ ಗಾಡಿಗಳು ವರ್ಷಕ್ಕೊಂದು ದಿನ ಮಾತ್ರ ಉಪಯೋಗಕ್ಕೆ ಬರುತ್ತಿದ್ದುವು. ಅದಕ್ಕೆ ಬದಲಾಗಿ ಐವತ್ತು ಡಾಲರಿನೊಳಗೆ ತಂದೆಮಕ್ಕಳು ಮನೆಯಲ್ಲಿ ಮಾಡಬಹುದಾದ ದೋಣಿಯಿದ್ದರೆ ವರ್ಷವೆಲ್ಲ ಆಡಬಹುದಲ್ಲವೆ ಎಂಬುದೇ ಆ ಸೂಚನೆ. ಕ್ಲಾರ್ಕ್ ಮಿಲ್ಸ್ ಎಂಬ ದೋಣಿಬಡಗಿಯು ಅದಕ್ಕೊಪ್ಪಿ ಎರಡು ಪ್ಲೈವುಡ್ ಹಲಗೆಗಳಲ್ಲಿ ಮುಗಿಯುವಂತೆ ಒಂದು ದೋಣಿಯನ್ನು ರಚಿಸಿದನು. ಹಲಗೆಯು ಎಂಟಡಿಗಿಂತ ಉದ್ದವಿಲ್ಲದ ಕಾರಣ ಮೊನಚಾದ ಮೂತಿಗೆ ಎಡೆಯಿರಲಿಲ್ಲ. ಆದುದರಿಂದ ಮುಂಭಾಗವನ್ನು ಅಡ್ಡಲಾಗಿ ಕತ್ತರಿಸಿ ಮೊರದಂತೆ ಮಾಡಿದನು. ‘ಆಪ್ಟಿಮಿಸ್ಟ್’ ಎಂದು ಪ್ರಸಿದ್ಧವಾದ ಈ ದೋಣಿಯ ಮೊಂಡುಮೂತಿಯನ್ನು ನೋಡಿ ನಗುವವರು ಅದು ಅಂಗಡಿಯ ಹಲಗೆಯ ಅಳತೆಯಿಂದ ಹುಟ್ಟಿತೆಂಬುದನ್ನು ಅರಿತರೆ ನಗಲಾರರು. ರೂಪವನ್ನು ಸಾಮಗ್ರಿಯು ನಿರ್ಣಯಿಸಿದುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರೆಯುವುದು ಅಪೂರ್ವ.

ಇಷ್ಟಾದರೂ ಹಲಗೆಯ ಸಂದಿನ ಪ್ರಶ್ನೆಯು ಪೂರ್ತಿಯಾಗಿ ತೀರಿರಲಿಲ್ಲ. ಪ್ಲೈವುಡ್ಡಿನಿಂದ ಸಂದುಗಳ ಸಂಖ್ಯೆಯು ತಗ್ಗಿತು. ಉಳಿದ ಸಂದುಗಳಲ್ಲಿ, ಮೈಯೂ ಮೈಯೂ ಕೂಡುವ ಮೂಲೆಗಳಲ್ಲಿ, ಉದ್ದವಾದ ಮರದ ಪಟ್ಟಿಯನ್ನಿಟ್ಟು ಅದರ ಅಂಚನ್ನು ಸತತವಾಗಿ ಬದಲಾಗುವ ಓರೆಯಲ್ಲಿ ಹತ್ತರಿಸಬೇಕಾಗಿದ್ದಿತು. ಈ ಒಂದು ಕೆಲಸವೇ ಎಷ್ಟೋ ಮಂದಿಯನ್ನು ಹೆದರಿಸಿತು. ಅದನ್ನು ತಪ್ಪಿಸುವ ಉಪಾಯವನ್ನು ಕಂಡುಹಿಡಿದವನು ಕೆನ್ ಲಿಟಲ್‌ಡೈಕ್ ಎಂಬ ಇಂಗ್ಲೆಂಡಿನ ಶಾಲೆಯ ಉಪಾಧ್ಯಾಯನು. ಕಾಯಕ್ ಎಂಬ ಇಕ್ಕಟ್ಟಾದ ಸಣ್ಣ ದೋಣಿಗಳಿಗಾಗಿ ಅವನು ರೂಪಿಸಿದ ಕ್ರಮದಲ್ಲಿ ಪಟ್ಟಿಯೂ ಇಲ್ಲ, ಪಕ್ಕೆಲುಬೂ ಇಲ್ಲ. ಹಲಗೆಗಳ ಅಂಚುಗಳನ್ನು ಬಟ್ಟೆಯ ಅಂಚುಗಳಂತೆ ಒಂದಕ್ಕೊಂದು ಹೊಲಿದುಬಿಡುವುದಷ್ಟೆ.

ಇದನ್ನು ಹಾಯಿದೋಣಿಗೆ ತಂದು ದೇಶಕ್ಕೆಲ್ಲ ಹರಡಿದವರು ಬ್ಯಾರಿ ಬಕ್ನೆಲ್ಲನೂ ಮೇಲೆ ಹೇಳಿದ ಜಾಕ್ ಹೋಲ್ಟನೂ. ಬಕ್ನೆಲ್ಲನು ದೂರದರ್ಶನದಲ್ಲಿ ಮನೆಯ ರಿಪೇರಿಯನ್ನು ತಾವೇ ಮಾಡಿಕೊಳ್ಳುವ ಬಗೆಯನ್ನು ಜನರಿಗೆ ತೋರಿಸುತ್ತಿದ್ದವನು. ಲಂಡನ್ನಿನ ‘ಡೈಲಿ ಮಿರರ್’ ಪತ್ರಿಕೆಯ ಆಶ್ರಯದಲ್ಲಿ ಇಬ್ಬರೂ ಸೇರಿ ರಚಿಸಿದ ‘ಮಿರರ್’ ದೋಣಿಯು ೧೯೬೩ರ ಜನವರಿಯಲ್ಲಿ ಲಂಡನ್ನಿನ ದೋಣಿಪ್ರದರ್ಶನದಲ್ಲಿ ಕಾಣಿಸಿಕೊಂಡಿತು. ಕತ್ತರಿಸಿದ ಹಲಗೆಗಳು, ತಂತಿ, ಅಂಟು, ಹಾಯಿ, ಹಗ್ಗ ಎಲ್ಲವೂ ಸೇರಿದ ಪೊಟ್ಟಣದ ಬೆಲೆ ೬೩ ಪೌಂಡು ೧೧ ಷಿಲಿಂಗು. ದೋಣಿಯ ಉದ್ದ ೧೦ ಅಡಿ ೧೦ ಅಂಗುಲ. ಬರಿಯ ಮೈಯ ತೂಕ ಸುಮಾರು ೧೦೦ ಪೌಂಡು. ಕೂವೆಮರವನ್ನು ಗಿಡ್ಡವಾಗಿ ಮಾಡಿ, ಅದರ ಮೇಲ್ಭಾಗಕ್ಕೆ ಇನ್ನೊಂದು ಕೋಲನ್ನು ಏರಿಸಿ ನಿಲ್ಲಿಸುವ ಏರ್ಪಾಡಾದ್ದರಿಂದ ಎಲ್ಲ ಕೋಲುಗಳೂ ದೋಣಿಯ ಉದ್ದದೊಳಗೇ ಅಡಗುತ್ತಿದ್ದುವು. ಸಾಮಾನ್ಯ ಸಂಸಾರಿಯ ಸಣ್ಣ ಮೋಟಾರಿನ ತಲೆಯ ಮೇಲೆ ಅದನ್ನು ಕಟ್ಟಿಕೊಂಡು ಕೆರೆಗೋ ಕಡಲಿಗೋ ಹೋಗಬಹುದಾಗಿದ್ದಿತು. ಹಾಯಿಗಳು ಕೆಂಪು. ಅದು ಪತ್ರಿಕೆಯ ಬಣ್ಣವೆಂಬುದನ್ನು ಬಿಟ್ಟರೆ ಬೇರೆ ಅರ್ಥವಿಲ್ಲ.

ಕಟ್ಟುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಹಲಗೆಗಳ ಅಂಚಿನುದ್ದಕ್ಕೂ ಅಂತರವಿಟ್ಟು ಸಣ್ಣ ರಂಧ್ರಗಳನ್ನು ಕೊರೆಯುವರು. ಎರಡು ಅಂಚುಗಳನ್ನು ಎದುರುಬದುರಾಗಿಟ್ಟು ರಂಧ್ರಗಳಲ್ಲಿ ತಾಮ್ರದ ತಂತಿಯ ತುಂಡುಗಳನ್ನು ತೂರಿಸಿ ತುದಿಗಳನ್ನು ತಿರುಚುವರು. ತಂತಿಗಳು ಬಿಗಿಯಾದಂತೆ ಚಪ್ಪಟೆಯಾದ ಹಲಗೆಗಳು ತಾವಾಗಿ ಬಾಗಿ ಮೇಲೆದ್ದು ದೋಣಿಯ ಆಕಾರವನ್ನು ತಾಳುವುವು. ಕತ್ತರಿಸಿದ ಬಟ್ಟೆಯು ಹೊಲಿಗೆಯಾದೊಡನೆ ಅಂಗಿಯಾಗುವಂತೆಯೇ ಇದು. ಆಕಾರವು ಕಾಗದದ ಮೇಲೆ ಗಣಿತದಿಂದ ಮೊದಲೇ ನಿಶ್ಚಿತವಾಗಿರುವುದರಿಂದ ಕಟ್ಟುವವನ ಕಣ್ಣಳತೆಗೆ ಕೆಲಸವಿಲ್ಲ. ಅನಂತರ ಒಳಗಡೆ ಸಂದಿನ ಮೇಲೆ ಗಾಜಿನ ನಾರಿನ ಪಟ್ಟಿಯನ್ನು ಹಾಸಿ ಕೃತಕರಾಳವನ್ನು ಬಳಿಯುವರು. ಅದು ಗಟ್ಟಿಯಾದ ಮೇಲೆ ಹೊರಗಿನ ತಂತಿಗಳನ್ನು ಕತ್ತರಿಸಿ, ಅಲ್ಲಿಯೂ ಪಟ್ಟಿಯನ್ನು ಹಾಸುವರು. ಈ ಕ್ರಮದಿಂದ ೭೦,೦೦೦ಕ್ಕೂ ಹೆಚ್ಚು ಮಿರರ್ ದೋಣಿಗಳು ಆದುವು. ಬ್ರಿಟನ್ನಿನಲ್ಲಿ ಹಾಯಿಯ ವಿನೋದವು ಮಧ್ಯಮವರ್ಗದ ಮನೆಗಳಿಗೂ ಕಾರ್ಮಿಕರ ಮನೆಗಳಿಗೂ ಇಳಿದುದರಲ್ಲಿ ಈ ದೋಣಿಯ ಪಾತ್ರವು ದೊಡ್ಡದೆಂಬುದರಲ್ಲಿ ವಿವಾದವಿಲ್ಲ.

ಹೊಲಿಗೆಯೆಂಬ ಮಾತು ಬಂದುದರಿಂದ ಇಲ್ಲಿ ಒಂದು ವಿಚಾರವು ಏಳುತ್ತದೆ. ಹಲಗೆಗಳನ್ನು ಹೊಲಿದು ನಾವೆಯನ್ನು ಕಟ್ಟುವುದು ಅರಬ್ಬೀ ಸಮುದ್ರದ ದಡಗಳಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ರೂಢಿಯಲ್ಲಿದ್ದ ಪದ್ಧತಿ. ಒಂದನೆಯ ಶತಮಾನದ ‘ಪೆರಿಪ್ಲಸ್’ ಗ್ರಂಥದಲ್ಲಿ ಓಮಾನ ಎಂಬಲ್ಲಿ ಕಟ್ಟುತ್ತಿದ್ದ ‘ಮದರತ’ ಎಂಬ ಹೊಲಿದ ದೋಣಿಗಳ ಪ್ರಸ್ತಾಪವುಂಟು. ಆರನೆಯ ಶತಮಾನದ ಪ್ರೊಕೋಪಿಯಸನು, ಭಾರತದ ಸಮುದ್ರದ ನಾವೆಗಳಿಗೆ ಕಬ್ಬಿಣವಿಲ್ಲದಿರುವುದು ಅಯಸ್ಕಾಂತದ ಬಂಡೆಗಳ ಭಯದಿಂದ ಎಂಬ ಜನವಾರ್ತೆಯನ್ನು ಎತ್ತಿ, ಅದನ್ನು ನಂಬದೆ ತಳ್ಳಿಹಾಕಿರುವನು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ವಿನಲ್ಲಿ ಇದೇ ಭಯವು ಶಾಸ್ತ್ರದ ನಿಷೇಧವಾಗಿ ಕಾಣುತ್ತದೆ, ರಾಧಾಕುಮುದ ಮುಖರ್ಜಿಯವರು ೧೯೧೨ರಲ್ಲಿ ಪ್ರಕಟಿಸಿದ ಭಾರತೀಯ ನೌಕಾಯಾನದ ಗ್ರಂಥದಿಂದ ಆ ಭಾಗವು ವಿದ್ವಾಂಸರಿಗೆ ಪರಿಚಿತವಾಗಿದೆ. ಹೊರ್ಮುಜಿನಲ್ಲಿ ಇಂತಹ ನಾವೆಗಳನ್ನು ಕಂಡ ಮಾರ್ಕೊ ಪೋಲೋ ಅವು ಕೇವಲ ಅಪಾಯಕರವೆಂದು ಜರೆದಿರುವನು. ಇದಕ್ಕೆ ವಿರುದ್ಧವಾದ ಸಾಕ್ಷ್ಯವು ಇಬ್ನ್ ಬತೂತನದು. ಹೊನ್ನಾವರದ ಸುಲ್ತಾನ ಜಮಾಲುದ್ದೀನನ ಅತಿಥಿಯಾಗಿ ನಮ್ಮ ಕರಾವಳಿಯಲ್ಲಿ ದಿನಗಳನ್ನು ಕಳೆದ ಈ ಪ್ರವಾಸಿಯು, ಮೊಳೆ ಹೊಡೆದ ನಾವೆಯು ಬಂಡೆಗೆ ತಾಕಿದರೆ ಒಡೆಯುವುದೆಂದೂ, ತೆಂಗಿನ ಹುರಿಯಿಂದ ಹೊಲಿದದ್ದು ಬಗ್ಗಿ ಉಳಿಯುವುದೆಂದೂ ಹೇಳುವನು. ಇಬ್ಬರಲ್ಲಿ ಹೆಚ್ಚು ಕಾಲ ಇಂತಹ ನಾವೆಗಳ ನಡುವೆ ಇದ್ದವನು ಇಬ್ನ್ ಬತೂತನಾದ್ದರಿಂದ ಅವನ ಮಾತಿಗೆ ಹೆಚ್ಚಿನ ಬೆಲೆ ಕೊಡುವುದು ನ್ಯಾಯ. ೧೯೯೮ರಲ್ಲಿ ಇಂಡೋನೇಷ್ಯದ ಬೆಲಿತುಂಗ್ ದ್ವೀಪದ ಬಳಿ ಪತ್ತೆಯಾದ ಒಂಬತ್ತನೆಯ ಶತಮಾನದ ಹಡಗೂ ಹೊಲಿದದ್ದೇ. ಚೀನಾದ ಹತ್ತಾರು ಸಾವಿರ ಮಣ್ಣಿನ ಪಾತ್ರೆಗಳನ್ನು ಅದು ಹೊತ್ತಿದ್ದಿತು.

ಹಾಗಾದರೆ ಮಿರರ್ ದೋಣಿಯ ಹೊಲಿಗೆಯು ಈ ಪ್ರಾಚೀನ ಪದ್ಧತಿಯ ಸಂತಾನವೆ? ಹಾಗೆಂದು ಹೇಳಿಬಿಡುವುದು ಸುಲಭ. ಸ್ವದೇಶಾಭಿಮಾನಕ್ಕೂ ಅದು ಹಿತವಾದ ಮಾತು. ಆದರೆ ವಿಚಾರಿಸಿದರೆ ಅದು ನಿಲ್ಲುವುದಿಲ್ಲ. ಹಳೆಯ ನಾವೆಯಲ್ಲಿ ಹುರಿಯೇ ಬಲ. ಅದು ಸಡಿಲವಾದರೆ ನಾವೆಯು ಬಿಚ್ಚಿಹೋಗುವುದು. ಆದ್ದರಿಂದಲೇ ಆಗಿಂದಾಗ್ಗೆ ಹುರಿಯನ್ನು ತೆಗೆದು ಹೊಸದಾಗಿ ಹೊಲಿಯಬೇಕಾಗಿದ್ದಿತು. ಹೊಸ ದೋಣಿಯಲ್ಲಾದರೋ ತಂತಿಯು ಅಂಟು ಒಣಗುವವರೆ�ೆಗಿನ ಆಸರೆ ಮಾತ್ರ, ಕಮಾನು ಕಟ್ಟುವಾಗ ಕೆಳಗಿಡುವ ಮರದ ಊರೆಯಂತೆ. ಅಲ್ಲದೆ ಹೊಲಿದ ನಾವೆಯನ್ನು ಕಟ್ಟುತ್ತಿದ್ದವರು ಗೃಹಸ್ಥರಲ್ಲ, ಅದನ್ನೇ ವೃತ್ತಿಯಾಗುಳ್ಳ ಕುಶಲಿಗಳು. ಎರಡಕ್ಕೂ ಸಮಾನವಾದ ಅಂಶವು ಒಂದೇ, ಆದರೆ ಅದು ಮುಖ್ಯವಾದದ್ದು: ಎರಡರಲ್ಲಿಯೂ ಪಂಜರವು ಮೊದಲಲ್ಲ, ಚರ್ಮವು ಮೊದಲು. ಹೊರಮೈಯೇ ಆಕಾರವನ್ನು ಕೊಡುತ್ತದೆ. ಒಳಗಿನ ಮರಗಳು ಬಳಿಕ ಬರುತ್ತವೆ ಅಥವಾ ಬಾರದೆಯೇ ಇರುತ್ತವೆ. ಪಂಜರವನ್ನು ಬಿಟ್ಟು ಚರ್ಮವನ್ನು ನಂಬಿದವರು ಅಂಚುಗಳನ್ನು ಹಿಡಿದಿಡುವ ಉಪಾಯಕ್ಕೆ ಕೈಚಾಚಿದಾಗ, ಬೇರೆ ಬೇರೆ ಕಾಲದೇಶಗಳಲ್ಲಿ, ಸೂಜಿದಾರಗಳ ಯುಕ್ತಿಯೇ ಕೈಗೆ ಸಿಕ್ಕಿತು. ಇದು ವಂಶಪರಂಪರೆಯಲ್ಲ, ಸ್ವತಂತ್ರವಾದ ಪುನರುದ್ಭವ.

ಹಳೆಯ ಹೊಲಿಗೆಯ ಶಕ್ತಿಯನ್ನು ಪ್ರಯೋಗದಿಂದ ಪರೀಕ್ಷಿಸಿದುದೂ ಉಂಟು. ೧೯೮೦ರಲ್ಲಿ ಟಿಮ್ ಸೆವೆರಿನ್ನನು ಓಮಾನಿನ ಸೂರ್ ಎಂಬಲ್ಲಿ ಕಟ್ಟಿಸಿದ ‘ಸೊಹಾರ್’ ಎಂಬ ಹೊಲಿದ ಹಡಗು ಮಸ್ಕತ್ತಿನಿಂದ ಹೊರಟು ಮರುವರ್ಷ ಚೀನಾದ ಕ್ಯಾಂಟನ್ನನ್ನು ಸೇರಿತು. ಅದರ ನಿರ್ಮಾಣದಲ್ಲಿ ಪ್ರಮುಖರಾಗಿದ್ದವರು ಮಿನಿಕಾಯ್ ದ್ವೀಪದ ಅಲಿ ಮಾಣಿಕ್‌ಫಾನ್. ಇವರು ಹೆಚ್ಚಿನದನ್ನೆಲ್ಲ ಸ್ವಂತ ಪ್ರಯತ್ನದಿಂದ ಕಲಿತವರು. ಇನ್ನೂ ಈಚಿನದು ‘ಕೌಂಡಿನ್ಯ’. ಅಜಂತೆಯ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಕೇರಳದ ಬಾಬು ಶಂಕರನ್ ಅವರ ನೇತೃತ್ವದಲ್ಲಿ ಗೋವೆಯಲ್ಲಿ ಹೊಲಿದ ಈ ನಾವೆಯನ್ನು ಭಾರತೀಯ ನೌಕಾಪಡೆಯು ೨೦೨೫ರ ಮೇ ೨೧ರಂದು ಕಾರವಾರದಲ್ಲಿ ಸೇರಿಸಿಕೊಂಡಿತು; ಅದೇ ವರ್ಷದ ಡಿಸೆಂಬರ್ ೨೯ರಂದು ಅದು ಪೋರಬಂದರಿನಿಂದ ಮಸ್ಕತ್ತಿಗೆ ಹಾಯಿ ಬಿಚ್ಚಿತು. ಅದರ ಹಾಯಿಗಳ ಮೇಲಿರುವ ಗಂಡಭೇರುಂಡವು ಕನ್ನಡಿಗರಿಗೆ ಅಪರಿಚಿತವಲ್ಲ.

ಮನೆಯ ದೋಣಿಗೆ ಮರಳಿದರೆ, ಅದರ ಚರಿತ್ರೆಯಲ್ಲಿ ವಿಷಾದಕರವಾದ ಒಂದು ಪ್ರವೃತ್ತಿಯನ್ನೂ ಗಮನಿಸಬೇಕಾಗಿದೆ. ೧೯೨೮ರಲ್ಲಿ ಆಸ್ಟ್ರೇಲಿಯಾದ ಇನ್ವರ್‌ಲಾಕಿನಲ್ಲಿ ಲೆನ್ ಮೋರಿಸ್ ಎಂಬವನು ೧೧ ಅಡಿಯ ಚಪ್ಪಟೆ ದೋಣಿಯೊಂದನ್ನು ಕಟ್ಟಿದನು. ಅದರಿಂದ ಬೆಳೆದ ‘ಮಾತ್’ ಎಂಬ ವರ್ಗದ ದೋಣಿಗಳು ಇಂದು ಇಂಗಾಲದ ನಾರಿನಿಂದಾಗಿ, ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ಹಾರುತ್ತವೆ. ಅವನ್ನು ಹಿತ್ತಲಿನಲ್ಲಿ ಮಾಡುವುದು ಬಹುಮಟ್ಟಿಗೆ ಆಗದ ಮಾತು. ಆಪ್ಟಿಮಿಸ್ಟಿನ ಗತಿಯೂ ಹೀಗೆಯೇ. ಡೆನ್ಮಾರ್ಕಿಗೆ ಹೋಗಿ, ಅಲ್ಲಿಂದ ಜಗತ್ತಿಗೆಲ್ಲ ಹಬ್ಬಿ, ನೂರಕ್ಕೂ ಹೆಚ್ಚು ದೇಶಗಳ ಮಕ್ಕಳಿಗೆ ಗುರುವಾದ ಆ ದೋಣಿಯು ಇಂದು ಬಹುತೇಕ ಕಾರ್ಖಾನೆಯ ಅಚ್ಚಿನಿಂದ ಬರುತ್ತದೆ. ಪಂದ್ಯಕ್ಕೆ ಎಲ್ಲ ದೋಣಿಗಳೂ ಸಮಾನವಾಗಿರಬೇಕು; ಸಮಾನತೆಗೆ ಅಚ್ಚು ಬೇಕು; ಅಚ್ಚು ಬಂದೊಡನೆ ತಂದೆಮಕ್ಕಳ ಕೈಗೆ ಕೆಲಸವಿಲ್ಲ. ಮೆಕೇಯ ಮೂಲಸೂಚನೆಯ ಅರ್ಧವು, ಎಂದರೆ ನಡೆಸುವ ಅರ್ಧವು, ಉಳಿಯಿತು. ಕಟ್ಟುವ ಅರ್ಧವು ಅಳಿಯಿತು. ಪಂದ್ಯದ ನಿಯಮಗಳನ್ನು ಮಾಡಿದವರನ್ನು ಇದಕ್ಕಾಗಿ ದೂಷಿಸುವುದು ಸರಿಯಲ್ಲ. ಆದರೆ ಐವತ್ತು ಡಾಲರಿನ ದೋಣಿಯನ್ನು ಬೇಡಿದ ಊರಿನ ಬಡ ಹುಡುಗನಿಗೆ ಈ ಬದಲಾವಣೆಯಿಂದ ಏನು ದೊರೆಯಿತೆಂಬುದನ್ನು ಅವರು ಕೇಳಿಕೊಳ್ಳಬೇಕಾಗಿದ್ದಿತು.

ಮಿರರ್ ವರ್ಗದಲ್ಲಿಯೂ ಗಾಜಿನ ನಾರಿನ ಅಚ್ಚುದೋಣಿಗಳು ಬಂದಿವೆ. ಆದರೂ ಹಳೆಯ ಮರದ ದೋಣಿಗಳು ಹಲವು ಕೆರೆ ಹೊಳೆಗಳಲ್ಲಿ ಇಂದಿಗೂ ಓಡಾಡುತ್ತಿವೆ. ಒಡೆದರೆ ಒಡೆಯನೇ ಹಲಗೆಯ ತುಂಡನ್ನು ಅಂಟಿಸಿ ಸರಿಪಡಿಸಬಹುದಾದುದೇ ಅವುಗಳ ದೀರ್ಘಾಯುಷ್ಯಕ್ಕೆ ಕಾರಣ. ಇಂತಹ ಹಳೆಯ ಮಿರರ್ ದೋಣಿಯೊಂದನ್ನು ಇಂಗ್ಲೆಂಡಿನ ಷ್ರಾಪ್‌ಷೈರಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದ ಎ. ಜೆ. ಮೆಕಿನ್ನನ್ ಎಂಬ ಉಪಾಧ್ಯಾಯನು ೧೯೯೭ರಲ್ಲಿ ನೀರಿಗಿಳಿಸಿದನು. ‘ಜಾಕ್ ಡಿ ಕ್ರೋ’ ಎಂಬ ಹೆಸರಿನ ಆ ದೋಣಿಯು ಹಾಯಿಯಿಂದಲೂ ಹುಟ್ಟಿನಿಂದಲೂ ಇಂಗ್ಲೆಂಡಿನ ಹೊಳೆಕಾಲುವೆಗಳಲ್ಲಿ ಸಾಗಿ, ಕಾಲುವೆಯೆಂದೇ ಹೆಸರಾದ ಕಡಲನ್ನು ದಾಟಿ, ಫ್ರಾನ್ಸ್ ಜರ್ಮನಿಗಳ ನದಿಗಳನ್ನು ಹತ್ತಿಳಿದು, ಡ್ಯಾನ್ಯೂಬ್ ನದಿಯನ್ನು ಹಿಡಿದು, ೧೯೯೮ರಲ್ಲಿ ರುಮೇನಿಯಾದ ಸುಲಿನಾ ಬಂದರಿನಲ್ಲಿ ಕಪ್ಪುಸಮುದ್ರವನ್ನು ಸೇರಿತು.